ಬಲಗೈಯ ಬ್ರೇಕ್

ಸೈಕಲ್ಲಿಗೆ ಬೆನ್ನು ಹಾಕಿ ಕೂರುವುದೇ ಆ ಭಾನುವಾರ ಬೆಳಿಗ್ಗೆ ನನ್ನ ಕೆಲಸವಾಗಿತ್ತು. ಕೇಳಲು ಸುಲಭ. ಮಾಡಿ ನೋಡಿ, ಕುತ್ತಿಗೆ ತಾನಾಗಿಯೇ ಹಿಂದಕ್ಕೆ ತಿರುಗುತ್ತದೆ.

ಮಂಗಳೂರಿನ ಕದ್ರಿ ಪಾರ್ಕಿನ ಹತ್ತಿರದ ಹೋಟೆಲ್. ಹೊರಗೆ ಮರದಡಿಯಲ್ಲಿ ಸೈಕಲ್ಲುಗಳ ಸಾಲು. ಒಳಗೆ ‘ಕುಡ್ಲ ಸವಾರಿ ಬಳಗ’ದವರಿಗೆ ಬನ್ಸು, ಚಹಾ ಮತ್ತು ಒಬ್ಬರ ಸೈಕಲ್ಲಿನ ಬಗ್ಗೆ ಇನ್ನೊಬ್ಬರ ತೀರ್ಪು. ಸಾಲಿನ ಕೊನೆಯಲ್ಲಿದ್ದ ಹಸಿರು ಸೈಕಲ್ ನಾನು ತಂದದ್ದು. ನನ್ನದಲ್ಲ, ಬಹರೈನಿನಿಂದ ಬಂದ ನೆರೆಮನೆಯವರದ್ದು. ಗಾಳಕ್ಕೆ ಸಿಕ್ಕಿಸಿದ ಸಿಗಡಿ ಎಂದಿಟ್ಟುಕೊಳ್ಳಿ.

“ನಿರೀಕ್ಷಕ್ಕ, ನಿಮ್ಮ ಚೈನ್ ಅಳ್ತಾ ಉಂಟು ಮಾರಾಯ್ರೆ,” ಎಂದರು ಬೋಜಣ್ಣ. ಅವರದ್ದು ಶಾಮಿಯಾನದ ವ್ಯಾಪಾರ. ಬಳಗದಲ್ಲಿ ಎಣ್ಣೆಯ ಖಾತೆ ಅವರದ್ದೇ. ಯಾರೂ ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು. “ಎರಡು ಬಿಂದು ತೆಂಗಿನೆಣ್ಣೆ ಬಿಡಿ, ಬೆಣ್ಣೆಯ ಹಾಗೆ ಓಡ್ತದೆ.”

“ತೆಂಗಿನೆಣ್ಣೆಯಾ? ಚೈನಿಗೆ ಒಗ್ಗರಣೆ ಹಾಕ್ತೀಯಾ ಬೋಜ?” ಇವರು ಸೆಡ್ರಿಕ್ ಸರ್, ಭೌತಶಾಸ್ತ್ರದ ನಿವೃತ್ತ ಅಧ್ಯಾಪಕರು. ಬೋಲ್ಟಿನ ಬಿಗಿತ ಅಳೆಯುವ ಸ್ಪ್ಯಾನರ್ ಒಂದನ್ನು ಪೆನ್ನಿನ ಹಾಗೆ ಜೇಬಿನಲ್ಲಿಟ್ಟುಕೊಂಡು ತಿರುಗುವವರು. “ಪ್ರಾಬ್ಲೆಮ್ ಚೈನಿನಲ್ಲಿ ಅಲ್ಲ, ಸೀಟಿನಲ್ಲಿ. ಐದು ನ್ಯೂಟನ್ ಮೀಟರ್ ಬಿಗಿ ಬೇಕು. ಇವರು ಅಂದಾಜಿಗೆ ತಿರುಗಿಸಿದ್ದಾರೆ.”

“ಅಂದಾಜಿಗೆ ತಿರುಗಿಸಿಯೇ ನಮ್ಮಜ್ಜ ಪುತ್ತೂರಿಗೆ ಹೋಗ್ತಾ ಇದ್ದದ್ದು ಸರ್.”

“ಹೋಗ್ತಾ ಇದ್ರು. ವಾಪಸ್ ಬರ್ತಾ ಇದ್ರಾ ಅಂತ ಕೇಳಿದ್ದೀಯಾ?”

ನಾನು ನಕ್ಕೆ. ನಗುತ್ತಲೇ ಎದುರಿನ ಕುರ್ಚಿ ನೋಡಿದೆ. ಅದು ಖಾಲಿ ಇತ್ತು. ತಟ್ಟೆಯಲ್ಲಿ ಅರ್ಧ ಕಚ್ಚಿದ ಬನ್ಸ್. ಕೈ ತೊಳೆದು ಬರ್ತೇನೆ ಎಂದು ಎದ್ದುಹೋದ ಮನುಷ್ಯನಿಗೆ ಇಷ್ಟು ಹೊತ್ತು ತೊಳೆಯುವಷ್ಟು ದೊಡ್ಡ ಕೈಗಳಿರಲಿಲ್ಲ.

ಹಿಂದಕ್ಕೆ ತಿರುಗಲಿಲ್ಲ. ಇನ್ನೊಂದು ಚಹಾ ಹೇಳಿದೆ.

ಹಿಂದಿನ ಭಾನುವಾರ ಇದೇ ಬಳಗದ ಮ್ಯಾಕ್ಸಿಮ್ ಲೋಬೊ ಶಕ್ತಿನಗರದಲ್ಲಿ ತಮ್ಮ ಮನೆಯೆದುರಿನ ಇಳಿಜಾರಿನಲ್ಲೇ ಸೈಕಲ್ಲಿನಿಂದ ಹಾರಿ ಬಿದ್ದಿದ್ದರು. ಇದು ಮಗ ಶೆರ್ವಿನನ ಕೈವಾಡ ಎಂದು ಅವರ ಹಟ, ಅಲ್ಲವೆಂದು ತೋರಿಸಿಕೊಡಿ ಎಂದು ನನ್ನನ್ನು ಕರೆಸಿದ್ದು ಅವರ ಹೆಂಡತಿ ಮಟಿಲ್ಡಾ ಬಾಯಿ.

ಇನ್ಶೂರೆನ್ಸ್ ಕಂಪನಿಗೆ ಅಪಘಾತದ ವಾಹನ ಪರೀಕ್ಷೆ ಮಾಡುತ್ತಿದ್ದವಳು ನಾನು. ಆಮೇಲೆ ಕೊಡಿಯಾಲ್‌ಬೈಲಿನಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಸ್ವಂತ ಪತ್ತೇದಾರಿಕೆಯ ಬೋರ್ಡು ಹಾಕಿದೆ. ಲಾರಿ, ಕಾರು, ಒಮ್ಮೆ ಒಂದು ರೋಡ್‌ ರೋಲರ್ ಕೂಡ ನೋಡಿದ್ದೇನೆ. ಸೈಕಲ್ ಇದೇ ಮೊದಲು.

ಬಿದ್ದು ಆರು ದಿನಕ್ಕೆ, ಶನಿವಾರ, ಫಳ್ನೀರಿನ ಆಸ್ಪತ್ರೆಯಲ್ಲಿ ಮ್ಯಾಕ್ಸಿಮ್ ಅಂಕಲ್ ಕೈಗೆ ಜೋಳಿಗೆ, ಎದೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಬಾಯಿಗೆ ಮಾತ್ರ ಯಾರೂ ಪಟ್ಟಿ ಕಟ್ಟಿರಲಿಲ್ಲ.

“ಗೇಟು ದಾಟಿ ಇಳಿಯುವಾಗ ನಾಯಿ ಅಡ್ಡ ಬಂತು. ಬ್ರೇಕ್ ಹಿಡಿದೆ. ಸೈಕಲ್ ನನ್ನನ್ನು ಎಮ್ಮೆ ಒದ್ದ ಹಾಗೆ ಒದ್ದು ಹಾಕಿತು.”

“ಯಾವ ಕೈಯ ಬ್ರೇಕ್, ಅಂಕಲ್?”

“ಬಲಗೈದು. ಯಾವಾಗಲೂ ಬಲಗೈದೇ. ಅದು ಹಿಂದಿನ ಚಕ್ರಕ್ಕೆ. ಎಡಗೈದು ಮುಂದಿನದ್ದಕ್ಕೆ, ಅದನ್ನು ನಾನು ಮುಟ್ಟುವುದೇ ಇಲ್ಲ. ಕುವೈತಿನಿಂದ ತಂದ ಸೈಕಲ್ ಅದು, ಅಲ್ಲಿಂದ ಹಾಗೆಯೇ.”

“ಪೊಲೀಸರು ನೋಡಿದ್ರಲ್ಲ?”

“ನೋಡಿದ್ರು. ಅವರ ಮೆಕ್ಯಾನಿಕ್ ಎಲ್ಲ ಸರಿ ಉಂಟು ಅಂದ. ಎಲ್ಲ ಸರಿ ಉಂಟಾದರೆ ನಾನು ಎಂತಕ್ಕೆ ಹಾರಿದ್ದು? ನಾನೇನು ಹಕ್ಕಿಯಾ?”

“ಮುಂದಿನ ಚಕ್ರ ಏನಾದರೂ ಸಡಿಲ...”

“ಚಾನ್ಸೇ ಇಲ್ಲ. ಕುವೈತಿನಲ್ಲಿ ಒಮ್ಮೆ ಚಕ್ರ ಕದ್ದಿದ್ರು. ಆಮೇಲೆ ಐದು ಮೂಲೆಯ ನಟ್ಟು ಹಾಕಿಸಿದ್ದೇನೆ. ಅದರ ಕೀ ನನ್ನ ಹತ್ತಿರ ಒಂದೇ. ಮೇರಿ ಮಾತೆಯ ಪದಕದ ಜೊತೆ ಇಲ್ಲಿ ಕುತ್ತಿಗೆಯಲ್ಲಿ ಉಂಟು.” ಎಡಗೈಯಿಂದ ಎದೆಯ ಪಟ್ಟಿಯ ಮೇಲೆ ತಟ್ಟಿದರು. ತಟ್ಟಿದ್ದೇ ನೋವಾಗಿ “ದೆವಾ!” ಎಂದರು.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಅಪ್ಪ ಸೈಕಲ್ ಬಿಡಲಿಲ್ಲವೆಂದು ಮಗನಿಗೆ ಸಿಟ್ಟು. ಬೀಳುವ ಹಿಂದಿನ ದಿನ ಬೆಳಿಗ್ಗೆ, ಅಕ್ಕಪಕ್ಕದವರಿಗೆ ಕೇಳುವ ಹಾಗೆ, “ಇದನ್ನು ಒಂದು ದಿನ ಗುಜರಿಗೆ ಹಾಕ್ತೇನೆ!” ಎಂದು ಕೂಗಿದ್ದ.

“ಕೂಗಿದ ಮರುದಿನ ನಾನು ಬಿದ್ದೆ. ಇದಕ್ಕಿಂತ ಜಾಸ್ತಿ ಎಂತ ಬೇಕು ನಿನಗೆ?” ಅಂಕಲ್ ಗೋಡೆಯ ಕಡೆ ಮುಖ ತಿರುಗಿಸಿದರು. “ನಾಳೆ ಸಂಜೆ ಎಸ್‌ಐ ಬರ್ತಾರೆ, ಹೇಳಿಕೆ ತೆಗೊಳ್ಳಲಿಕ್ಕೆ. ಅವನ ಹೆಸರು ಹೇಳ್ತೇನೆ. ಅಷ್ಟರವರೆಗೆ ಅವನು ಈ ರೂಮಿಗೆ ಕಾಲಿಡುವುದು ಬೇಡ.”

ಕೊನೆಯ ವಾಕ್ಯ ಹೇಳುವಾಗ ಅವರ ಸ್ವರ ಒಡೆಯಿತು. ಪಕ್ಕೆಲುಬಿನ ನೋವಿಗೆ ಹಾಗೆ ಒಡೆಯುವುದಿಲ್ಲ.

“ಆ ಸೈಕಲ್ ಹಾಳಾಗಿ ಹೋಗಲಿ ಅಂತ ನಾನೇ ಎಷ್ಟು ಸಲ ದೇವರ ಹತ್ತಿರ ಬೇಡಿದ್ದೇನೆ,” ಎಂದರು ಮಟಿಲ್ಡಾ ಬಾಯಿ, ಬಾಗಿಲ ಹೊರಗೆ ಬಂದು, ಕಣ್ಣೊರೆಸಿಕೊಳ್ಳುತ್ತ. “ಮಗ ಬಾಯಿಬಿಟ್ಟು ಹೇಳಿದ. ಅದೊಂದೇ ವ್ಯತ್ಯಾಸ.”

ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಶೆರ್ವಿನ್ ಕೂತಿದ್ದ, ಕಾಲೇಜು ಲೈಬ್ರರಿಯ ಗುರುತಿನ ಚೀಟಿ ಕುತ್ತಿಗೆಯಲ್ಲೇ ಇತ್ತು. “ನೀನಲ್ಲ ಅಂತ ಒಂದು ಸಲ ಅವರಿಗೆ ಹೇಳು ಮಾರಾಯ,” ಎಂದೆ.

“ಬೇಡ ಅಕ್ಕ. ನನ್ನನ್ನೇ ಬೈಯಲಿ.” ಅವನು ನನ್ನ ಮುಖ ನೋಡಲಿಲ್ಲ. “ನೀವು ಕೂಡ ಜಾಸ್ತಿ ಅಗೆಯುವುದು ಬೇಡ.”

ಅಗೆಯಬೇಡ ಎಂದವರ ಅಂಗಳವನ್ನೇ ಮೊದಲು ಅಗೆಯುವುದು ನನ್ನ ಅಭ್ಯಾಸ. ನೇರ ಶಕ್ತಿನಗರಕ್ಕೆ ಹೋದೆ.

ಸೈಕಲ್ ಜಗಲಿಯಲ್ಲಿತ್ತು. ಮುಂದಿನ ಚಕ್ರದ ನಟ್ಟು ಭದ್ರ. ಅದರ ಅಂಚಿನಲ್ಲಿ ಹಲ್ಲಿನಿಂದ ಕಚ್ಚಿದಂಥ ಗೀರುಗಳಿದ್ದವು. ಬಿದ್ದಾಗ ಕಲ್ಲಿಗೆ ತಾಗಿರಬೇಕು ಎಂದುಕೊಂಡೆ. ಚೈನ್ ಸರಿ, ಟಯರ್ ಸರಿ. ಬಲಗೈಯ ಲಿವರ್ ಒತ್ತಿದೆ.

ಮುಂದಿನ ಚಕ್ರ ಗಪ್ಪನೆ ನಿಂತಿತು. ಮುಂದಿನದು!

ಹಿಂದಿನ ಬ್ರೇಕ್ ಎಂದು ನಂಬಿಕೊಂಡು ಇಳಿಜಾರಿನಲ್ಲಿ ಮುಂದಿನದನ್ನು ಎಳೆದರೆ ಮನುಷ್ಯ ಹಕ್ಕಿಯೇ ಆಗುತ್ತಾನೆ. ಮಟಿಲ್ಡಾ ಬಾಯಿಗೆ ಫೋನು ಮಾಡಿ ಸೈಕಲ್ಲಿನ ಹಳೆಯ ಫೋಟೋ ತರಿಸಿಕೊಂಡೆ. ಅದರಲ್ಲಿ ಬಲಗೈಯ ಕೇಬಲ್ ಹಿಂದಕ್ಕೆ ಹೋಗುತ್ತಿತ್ತು. ಈಗ ಮುಂದಕ್ಕೆ. ಯಾರೋ ಎರಡೂ ಕೇಬಲ್ಲುಗಳನ್ನು ಲಿವರಿನಿಂದ ಜಾರಿಸಿ ಅದಲು ಬದಲು ಮಾಡಿದ್ದರು.

ಜಗಲಿಯಲ್ಲೇ ಕೂತು ಯೋಚಿಸಿದೆ. ಸಿಟ್ಟು ಬಂದವನು ಕೇಬಲ್ ಕತ್ತರಿಸುತ್ತಾನೆ, ಟಯರಿಗೆ ಮೊಳೆ ಚುಚ್ಚುತ್ತಾನೆ. ಇಲ್ಲಿ ಕೇಬಲ್ಲಿನ ತುದಿಗೆ ಹೊಸ ಟೊಪ್ಪಿ ಹಾಕಿದ್ದರು. ಲಿವರಿನ ಸಂದಿಯ ಧೂಳು ಒರೆಸಿದ್ದರು. ಒಂದು ಹನಿ ಎಣ್ಣೆ ಕೂಡ ಬಿಟ್ಟಿದ್ದರು.

ಇದು ಸಿಟ್ಟಿನ ಕೆಲಸವಲ್ಲ. ಪ್ರೀತಿಯ ಕೆಲಸ.

ನಮ್ಮೂರಿನಲ್ಲಿ ಬೈಕು, ಸ್ಕೂಟರು, ಸೈಕಲ್ಲು, ಎಲ್ಲದರಲ್ಲೂ ಬಲಗೈಯದ್ದು ಮುಂದಿನ ಬ್ರೇಕ್. ಗಲ್ಫಿನಿಂದ ಬಂದ ಸೈಕಲ್ಲಿನಲ್ಲಿ ಉಲ್ಟಾ. ಬಳಗದ ತಜ್ಞರ ಕಣ್ಣಿಗೆ ಅದು ಗೋಡೆಯ ಮೇಲೆ ಓರೆಯಾಗಿ ತೂಗುವ ಫೋಟೋ ಇದ್ದ ಹಾಗೆ. ಸರಿ ಮಾಡುವವರೆಗೆ ಊಟ ಸೇರುವುದಿಲ್ಲ. ಪೊಲೀಸರ ಮೆಕ್ಯಾನಿಕ್ಕಿಗೂ ಅದಕ್ಕೇ ಎಲ್ಲ ಸರಿ ಕಂಡದ್ದು. ನಮ್ಮ ಲೆಕ್ಕದಲ್ಲಿ ಎಲ್ಲ ಸರಿಯೇ ಇತ್ತಲ್ಲ!

ಅದಕ್ಕೇ ಈ ಬಹರೈನಿನ ಸಿಗಡಿ.

ಎರಡನೇ ಚಹಾ ಮುಗಿಯುವಾಗ ಎದುರಿನ ಕುರ್ಚಿ ತುಂಬಿತು. ಮುಖೇಶ್. ಫಳ್ನೀರಿನಲ್ಲಿ ಕಿಟಕಿ ಪರದೆಗಳ ಅಂಗಡಿ. ಬಳಗದಲ್ಲಿ ‘ಡಾಕ್ಟರ್’ ಎಂದೇ ಹೆಸರು. ಬೋಜಣ್ಣನ ಹಾಗೆ ಉಪದೇಶವಿಲ್ಲ, ಸೆಡ್ರಿಕ್ ಸರ್ ಹಾಗೆ ಲೆಕ್ಕವಿಲ್ಲ. ಸೊಂಟದ ಚೀಲದಲ್ಲಿ ಹತ್ಯಾರು, ಮುಖದಲ್ಲಿ ಸಂಕೋಚದ ನಗು. ಬನ್ಸ್ ಎತ್ತಿದ ಅವನ ಬೆರಳ ತುದಿ ಕಪ್ಪಗಿತ್ತು.

ನಾನು ಹೊರಗೆ ಹೋಗಿ ಹಸಿರು ಸೈಕಲ್ಲಿನ ಬಲಗೈಯ ಲಿವರ್ ಒತ್ತಿದೆ. ಮುಂದಿನ ಚಕ್ರ ನಿಂತಿತು. ಬೆಳಿಗ್ಗೆ ನಾನು ತರುವಾಗ ಅದು ಎಡಗೈಯದ್ದಾಗಿತ್ತು.

ಒಳಗೆ ಬಂದು ಗಟ್ಟಿಯಾಗಿ ಕೇಳಿದೆ: “ನನ್ನ ಸೈಕಲ್ ಯಾರು ಹಾಳು ಮಾಡಿದ್ದು?”

“ಛೆ ಛೆ, ನಾವು ಮುಟ್ಟಲೇ ಇಲ್ಲ,” ಎಂದರು ಬೋಜಣ್ಣ. ಸೆಡ್ರಿಕ್ ಸರ್ ತಲೆಯಾಡಿಸಿದರು. ಮುಖೇಶ್ ನನ್ನನ್ನೇ ಅನುಕಂಪದಿಂದ ನೋಡಿ, “ಯಾರು ಅಕ್ಕ ಅಂಥ ಕೆಲಸ ಮಾಡುವುದು?” ಎಂದ. ಅವನ ಮುಖದಲ್ಲಿ ಒಂದು ಸುಳ್ಳೂ ಇರಲಿಲ್ಲ.

ಒಂದು ವಾರದಿಂದ ಪೊಲೀಸರು, ಅಂಕಲ್, ನಾನು, ಎಲ್ಲರೂ ಕೇಳಿದ್ದು ಇದೇ ಪ್ರಶ್ನೆ. ತಪ್ಪು ಪ್ರಶ್ನೆ.

“ಆಯ್ತು. ನನ್ನ ಸೈಕಲ್ ಯಾರು *ಸರಿ* ಮಾಡಿದ್ದು?”

ಬಾಯಿಗಿಂತ ಮೊದಲು ಮುಖೇಶನ ಕೈ ಮೇಲೆ ಹೋಯಿತು. “ನಾನೇ ಅಕ್ಕ. ಬ್ರೇಕ್ ಉಲ್ಟಾ ಇತ್ತು. ಥ್ಯಾಂಕ್ಸ್ ಎಲ್ಲ ಬೇಡ.”

“ನನಗೆ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಬೇಡ ಅಂತಾರೆ. ಮಾಡಿಟ್ರೆ ಖುಷಿ ಪಡ್ತಾರೆ. ನನ್ನದು ಹಾಗೆಯೇ, ಸೈಲೆಂಟ್ ಸರ್ವಿಸ್.”

“ಮ್ಯಾಕ್ಸಿಮ್ ಅಂಕಲ್ ಖುಷಿ ಪಟ್ರಾ?”

“ಅಂಕಲ್ಲಿಗೆ ಗೊತ್ತೇ ಇಲ್ಲ. ನಾನು ಹೇಳಲೇ...” ಅಲ್ಲಿಗೆ ನಿಂತ. ಬನ್ಸ್ ತಟ್ಟೆಗೆ ಬಿತ್ತು.

ನಾನು ಏನೂ ಹೇಳಬೇಕಾಗಿ ಬರಲಿಲ್ಲ. ಅವನ ಬಲಗೈ ಮೇಜಿನ ಮೇಲೆ ತಾನಾಗಿ ಮುಷ್ಟಿ ಕಟ್ಟಿತು, ಇಲ್ಲದ ಲಿವರ್ ಒಂದನ್ನು ಎಳೆಯುವಂತೆ. ಕಣ್ಣು ಅದರ ಮೇಲೆಯೇ ನೆಟ್ಟಿತು.

“ಅವರು ಬಲಗೈದು ಹಿಡಿದ್ರಾ?”

“ಬಲಗೈದನ್ನೇ.”

“ಅವರು ಬೀಳುವ ಹಿಂದಿನ ಸಂಜೆ ಬಳಗದ ಜೆರ್ಸಿ ಕೊಡ್ಲಿಕ್ಕೆ ಹೋಗಿದ್ದೆ. ಒಳಗೆ ಪ್ರೇಯರ್ ಆಗ್ತಾ ಇತ್ತು. ಸೈಕಲ್ ಜಗಲಿಯಲ್ಲಿತ್ತು. ಸುಮ್ಮನೆ ಎಂತಕ್ಕೆ ಕೂರುವುದು ಅಂತ...” ಅವನ ಸ್ವರ ಇಳಿಯಿತು. “ಎಮರ್ಜೆನ್ಸಿಯಲ್ಲಿ ಕೈ ತಪ್ಪಬಾರದು ಅಂತ ಮಾಡಿದ್ದು ಅಕ್ಕ. ಅವರು ಸೇಫ್ ಇರಲಿ ಅಂತ. ಎಲ್ಲರೂ ಶೆರ್ವಿನ್ ಅಂತ ಹೇಳುವಾಗ ನಾನೂ ಒಂದು ವಾರ ಅವನನ್ನು ಬೈದಿದ್ದೇನೆ.”

ಸೆಡ್ರಿಕ್ ಸರ್ ಎದ್ದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟರು. ನ್ಯೂಟನ್ ಮೀಟರಿನ ಮಾತಾಡಲಿಲ್ಲ.

ಬೋಜಣ್ಣ ಮಾತ್ರ ಯಾಕೋ ಕೂತಲ್ಲೇ ಚಡಪಡಿಸುತ್ತಿದ್ದರು. “ಸರ್, ನೀವು ಮನೆಗೆ ಆಟೋದಲ್ಲಿ ಹೋಗ್ತೀರಾ?”

“ಯಾಕೆ?”

“ನಿಮ್ಮ ಬ್ರೇಕ್ ಸ್ವಲ್ಪ ಕೀಂ ಅಂತಿತ್ತು. ಎರಡು ಬಿಂದು... ಅದಕ್ಕೂ...”

“ಬ್ರೇಕಿನ ರಬ್ಬರಿಗಾ? ತೆಂಗಿನೆಣ್ಣೆಯಾ? ಬೋಜಾ!”

ಅವರಿಬ್ಬರನ್ನು ಅಲ್ಲೇ ಬಿಟ್ಟು ಮುಖೇಶನನ್ನು ಆಟೋದಲ್ಲಿ ಕೂರಿಸಿದೆ. ಎಸ್‌ಐ ಬರುವುದರೊಳಗೆ ಫಳ್ನೀರು ಮುಟ್ಟಬೇಕಿತ್ತು.

ರೂಮಿನಲ್ಲಿ ಅವನು ಕೂರಲಿಲ್ಲ. ಮಂಚದ ಕಾಲ ಬಳಿ ನಿಂತು, ಚಪ್ಪಲಿ ನೋಡುತ್ತ, ಒಂದೇ ಉಸಿರಿಗೆ ಹೇಳಿ ಮುಗಿಸಿದ. ಕೊನೆಗೆ, “ಪೊಲೀಸರಿಗೆ ನನ್ನ ಹೆಸರು ಹೇಳಿ ಅಂಕಲ್,” ಎಂದ.

ಮ್ಯಾಕ್ಸಿಮ್ ಅಂಕಲ್ ದಿಂಬಿನಿಂದ ತಲೆಯೆತ್ತಿ ಅವನನ್ನು ನೋಡಿದರು. ಮಟಿಲ್ಡಾ ಬಾಯಿಯ ಕೈ ಜಪಮಾಲೆಯ ಒಂದೇ ಮಣಿಯ ಮೇಲೆ ನಿಂತಿತ್ತು.

“ಮುಖೇಶ್.”

“ಹಾಂ ಅಂಕಲ್.”

“ನೀನು ನನ್ನ ಸೈಕಲ್ಲನ್ನು... ಇಂಡಿಯನ್ ಮಾಡಿದ್ದಾ?”

ಮೊದಲು ಅವರ ಹೊಟ್ಟೆ ಅಲುಗಿತು. ಆಮೇಲೆ ಭುಜ. ನಗು ಪಕ್ಕೆಲುಬಿಗೆ ಬಡಿದು, “ಅಯ್ಯೋ, ಅಯ್ಯೋ, ನಗಿಸಬೇಡ ಮಾರಾಯ, ಸಾಯ್ತೇನೆ!” ಎಂದು ನಗುತ್ತಲೇ ಅತ್ತರು. ಅಳು ನಿಲ್ಲಲಿಲ್ಲ. ನಗುವಿನೊಳಗೆ ಒಂದು ವಾರದಿಂದ ಅಡಗಿ ಕೂತಿದ್ದ ಅಳು ಅದು.

“ಮಟಿಲ್ಡಾ, ಅವನೆಲ್ಲಿ?”

“ಹೊರಗೆ. ಬೆಂಚಿನಲ್ಲಿ.”

“ಒಂದು ವಾರದಿಂದ ಬೆಂಚಿನಲ್ಲೇ ಉಂಟಾ ಅವನು?” ಎಂದವರೇ ಆಸ್ಪತ್ರೆಯೆಲ್ಲ ಕೇಳುವ ಹಾಗೆ ಕರೆದರು. “ಪುತಾ! ಶೆರ್ವಿನ್! ಬಾ ಒಳಗೆ!”

ಶೆರ್ವಿನ್ ಬಂದ. ಬಾಗಿಲಲ್ಲಿ ನಿಂತ. ನಾನೇ ಎರಡು ಮಾತಿನಲ್ಲಿ ಬ್ರೇಕಿನ ಕಥೆ ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ ಬಿಚ್ಚಿಕೊಂಡದ್ದನ್ನು ನೀವು ನೋಡಬೇಕಿತ್ತು, ಮಳೆಗೆ ಮುಚ್ಚಿದ್ದ ಅಂಗಡಿಯ ಶಟರ್ ಎತ್ತಿದ ಹಾಗೆ.

“ಬ್ರೇಕಾ? ಬರೀ ಬ್ರೇಕಾ? ಬೇರೆ ಎಂತದ್ದೂ ಅಲ್ವಾ?” ಮೂರು ಸಲ ಕೇಳಿದ.

“ಬರೀ ಬ್ರೇಕು,” ಎಂದೆ.

ಅವನು ಹೋಗಿ ಅಪ್ಪನ ಎಡಗೈ ಹಿಡಿದ. ಅಪ್ಪ ಅದನ್ನು ಬಿಡಿಸಿಕೊಂಡು ಮಗನ ಕೆನ್ನೆಗೆ ಒಂದು ಮೆಲ್ಲಗೆ ಕೊಟ್ಟು, “ನಾನಲ್ಲ ಅಂತ ಹೇಳ್ಲಿಕ್ಕೆ ನಿನಗೆ ಬಾಯಿ ಇರಲಿಲ್ವಾ, ಮಂಗ?” ಎಂದರು.

“ನಿಮಗೆ ಕೇಳ್ಲಿಕ್ಕೆ ಕಿವಿ ಇತ್ತಾ ಪಪ್ಪ?”

“ಇತ್ತು. ಅದು ಮಾತ್ರ ಮುರಿಯಲಿಲ್ಲ.”

ಮಟಿಲ್ಡಾ ಬಾಯಿ ಗಂಜಿಯ ಬಟ್ಟಲು ಮಗನ ಕೈಗೆ ಕೊಟ್ಟರು. ಅವನು ತಿನ್ನಿಸತೊಡಗಿದ. ಉಪ್ಪು ಕಡಿಮೆ ಎಂದು ಅಪ್ಪ, ಡಾಕ್ಟರು ಹೇಳಿದ್ದು ಅಷ್ಟೇ ಎಂದು ಮಗ. ಎಸ್‌ಐ ಬಂದರೆ ನಾಯಿ ಅಡ್ಡ ಬಂತು, ಬಿದ್ದೆ, ಮುಗಿಯಿತು ಎಂದು ಹೇಳುವುದೆಂದು ತೀರ್ಮಾನವಾಯಿತು. ನಾಯಿಯ ಹೆಸರು ಕೇಳಿದರೆ ಎಂದೂ ಚರ್ಚೆ ನಡೆಯಿತು. ಕುರ್ಚಿಯಲ್ಲಿ ಕಾಲು ಚಾಚಿ ಕೂತೆ. ಇನ್ಶೂರೆನ್ಸಿನ ಇಷ್ಟು ವರ್ಷಗಳಲ್ಲಿ ಒಂದು ಅಪಘಾತದ ಕೊನೆಯಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ನಗುವುದನ್ನು ನಾನು ನೋಡಿರಲಿಲ್ಲ.

ಕ್ಷಮೆ ಸಿಕ್ಕಿದ ಮುಖೇಶನಿಗೆ ಮಾತು ವಾಪಸ್ ಬಂದಿತ್ತು. “ಅಂಕಲ್, ಇನ್ನು ಯಾರ ಸೈಕಲ್ಲೂ ಕೇಳದೆ ಮುಟ್ಟುವುದಿಲ್ಲ. ದೇವರಾಣೆ. ಆದರೆ ಒಂದು ಪುಣ್ಯದ ಕೆಲಸವೂ ಮಾಡಿದ್ದೇನೆ, ಅದನ್ನು ಹೇಳ್ತೇನೆ.”

“ಇನ್ನೆಂತ ಮಾಡಿದ್ದೀಯಾ, ಹೇಳಿಬಿಡು.”

“ಆವತ್ತು ನಿಮ್ಮ ಮುಂದಿನ ಚಕ್ರದ ನಟ್ಟು ಪೂರ್ತಿ ಸಡಿಲ ಇತ್ತು. ಬೆರಳಲ್ಲಿ ತಿರುಗಿಸಿದರೆ ಕಳಚುವ ಹಾಗೆ. ನನ್ನ ಹತ್ತಿರ ಐದು ಮೂಲೆಯ ಕೀ ಇಲ್ಲ ನೋಡಿ, ಪ್ಲೈಯರಿನಲ್ಲಿ ಕಚ್ಚಿ ಕಚ್ಚಿ ಬಿಗಿ ಮಾಡಿದೆ. ಇಲ್ಲದಿದ್ದರೆ ಆ ಇಳಿಜಾರಿನಲ್ಲಿ ಚಕ್ರ ಒಂದು ಕಡೆ, ನೀವು ಒಂದು ಕಡೆ.”

ಹಲ್ಲಿನ ಗೀರುಗಳು. ಕಲ್ಲಿಗೆ ತಾಗಿದ್ದಲ್ಲ.

ನನ್ನ ಕಾಲು ತಾನಾಗಿ ಒಳಕ್ಕೆ ಬಂತು. “ಅಂಕಲ್, ಆ ನಟ್ಟನ್ನು ನೀವು ಸಡಿಲಿಸಿದ್ದಿರಾ?”

“ನಾನಾ? ಕುವೈತಿನಿಂದ ಬಂದ ಮೇಲೆ ಮುಟ್ಟಲೇ ಇಲ್ಲ.” ಇನ್ನೂ ನಗುವಿನಲ್ಲಿದ್ದರು. “ಕೀ ಇಲ್ಲದೆ ಯಾರಿಗೂ ಆಗುವುದಿಲ್ಲ. ಕೀ ಇಲ್ಲೇ...”

ಎಡಗೈ ಅಂಗಿಯೊಳಗೆ ಹೋಯಿತು. ದಾರವನ್ನು ಹೊರಗೆಳೆದರು.

ದಾರದಲ್ಲಿ ಮೇರಿ ಮಾತೆಯ ಪದಕ ಒಂದೇ ತೂಗುತ್ತಿತ್ತು.

ಶೆರ್ವಿನನ ಚಮಚ ಬಟ್ಟಲಿನ ಅಂಚಿಗೆ ಬಡಿಯಿತು. ಅವನು ಪದಕವನ್ನು ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ನನ್ನನ್ನೇ ಬೈಯಲಿ ಎಂದು ಒಂದು ವಾರ ಬೆಂಚಿನಲ್ಲಿ ಕೂತವನು ಈಗ ಅಮ್ಮನ ಕಡೆ ನೋಡಿದ.

ಮಟಿಲ್ಡಾ ಬಾಯಿ ನಮಗೆ ಬೆನ್ನು ಹಾಕಿ ಕಿಟಕಿಯ ಪರದೆ ಸರಿ ಮಾಡುತ್ತಿದ್ದರು. ಆ ಪರದೆಯಲ್ಲಿ ಸರಿ ಮಾಡಲು ಮುಖೇಶನಿಗೆ ಕೂಡ ಏನೂ ಕಾಣುತ್ತಿರಲಿಲ್ಲ.